ಕಣ್ಣಿಗೆ ಹೋದ ಅರಿಶಿಣ

ಅವರ ಬಲಗೈಯ ಹೆಬ್ಬೆರಳು ಮೊಂಡಾಗಿ ಅಗಲವಾಗಿತ್ತು. ದಿನಕ್ಕೆ ಹತ್ತಾರು ಸಲ ಸಾಬೂನು ಹಚ್ಚಿ ತೊಳೆದು ತೊಳೆದು ಅದರ ತುದಿ ಸುಕ್ಕುಗಟ್ಟಿ, ಮೈಯ ಉಳಿದ ಚರ್ಮಕ್ಕಿಂತ ಬೆಳ್ಳಗೆ ಕಾಣುತ್ತಿತ್ತು. ಉಗುರನ್ನು ಮಾಂಸದ ಅಂಚಿನವರೆಗೆ ಕತ್ತರಿಸಿರುತ್ತಿದ್ದರು. ಹೊಟ್ಟೆ ಮುಂದೆ ಬಂದ ಯಾವ ಹೆಂಗಸೂ ಖಾನಾಪುರದಲ್ಲಿ ಆ ಬೆರಳಿನಿಂದ ತಪ್ಪಿಸಿಕೊಂಡದ್ದು ನನಗೆ ಗೊತ್ತಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದವಳಿರಲಿ, ಬಸ್ಸಿಗೆ ಕಾಯುತ್ತ ನಿಂತವಳಿರಲಿ, ರಟ್ಟೆ ಹಿಡಿದು ನೆರಳಿನಿಂದ ಈಚೆಗೆ ಎಳೆಯುತ್ತಿದ್ದರು. "ಬಿಸಲಿಗೆ ಬಾ. ಮ್ಯಾಲ ನೋಡು." ಹೆಬ್ಬೆರಳು ಕಣ್ಣಿನ ಕೆಳರೆಪ್ಪೆಯನ್ನು ಕೆಳಕ್ಕೆ ಜಗ್ಗುತ್ತಿತ್ತು. ರೆಪ್ಪೆಯ ಒಳಗಿನ ಕೆಂಪನ್ನು ನೋಡುವರು, ಕಣ್ಣಿನ ಬಿಳಿಯನ್ನು ನೋಡುವರು, ಆಮೇಲೆ ಇನ್ನೊಂದು ಕಣ್ಣು.

ಊರೆಲ್ಲ ಅವರನ್ನು ನರ್ಸಬಾಯಿ ಎನ್ನುತ್ತಿತ್ತು. ನಾವು ಮಕ್ಕಳು ಬರೀ ಬಾಯಿ ಎನ್ನುತ್ತಿದ್ದೆವು. ಸರಕಾರಿ ದವಾಖಾನೆಯ ಕೆಲಸ. ಖಾನಾಪುರದ ನಾಲ್ಕಾರು ಗಲ್ಲಿಗಳು, ಕಾಡಿನ ಅಂಚಿನ ಕೆಲವು ಹಳ್ಳಿಗಳು ಅವರ ಪಾಲಿಗೆ ಬಂದಿದ್ದವು. ಗಂಡ ಎಂದೋ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮನೆಮಾತು ಮರಾಠಿ. ಕನ್ನಡವನ್ನು ನಮ್ಮ ಗಲ್ಲಿಯ ಹೆಂಗಸರಿಂದಲೇ ಕಲಿತಿದ್ದರು. ಬೈಯುವುದಿದ್ದರೆ ಮರಾಠಿ, ಸಮಾಧಾನ ಹೇಳುವುದಿದ್ದರೆ ಕನ್ನಡ. ಹೀಗಾಗಿ ಯಾರದಾದರೂ ಮನೆಯೊಳಗೆ ಅವರು ಹೋದರೆ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಯಾವ ಭಾಷೆ ಕೇಳುತ್ತಿದೆ ಎಂಬುದರ ಮೇಲೆ ಒಳಗಿನ ಪರಿಸ್ಥಿತಿಯನ್ನು ನಾವು ಹೊರಗಿನಿಂದಲೇ ಲೆಕ್ಕ ಹಾಕುತ್ತಿದ್ದೆವು. ಗಂಡಸರು ಹಿಡಿಯುವ ದೊಡ್ಡ ಕರಿ ಛತ್ರಿ ಸದಾ ಕಂಕುಳಲ್ಲಿರುತ್ತಿತ್ತು. ಮಳೆಗೆ ಬಿಚ್ಚುವರು, ಬಿಸಿಲಿಗೆ ಎಂದೂ ಬಿಚ್ಚಿದವರಲ್ಲ.

ಆ ಹಳ್ಳಿಗಳ ಹೆಂಗಸರು ಮಳೆಗಾಲ ಪೂರ್ತಿ ಭತ್ತದ ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲುವವರು. ಹುಳು ಕಾಲಿನಿಂದ ಹೊಕ್ಕು ಹೊಟ್ಟೆಯಲ್ಲಿ ಕೂತು ರಕ್ತ ಕುಡಿಯುತ್ತದೆ ಎಂದು ನರ್ಸಬಾಯಿ ಹೇಳಿದರೆ ಅವರು ನಗುತ್ತಿದ್ದರು. ಕಾಲಿನಿಂದ ಹೊಟ್ಟೆಗೆ ದಾರಿ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಹುಳುವಿನ ಮೇಲೆ ಚಳಿಜ್ವರ, ಜ್ವರದ ಮೇಲೆ ವರ್ಷಕ್ಕೊಂದು ಬಸಿರು. ಇಷ್ಟಕ್ಕೆಲ್ಲ ನರ್ಸಬಾಯಿಯ ಚೀಲದಲ್ಲಿ ಇದ್ದದ್ದು ಜಂತಿನ ಗುಳಿಗೆ ಮತ್ತು ರಕ್ತ ಹೆಚ್ಚಿಸುವ ಗುಳಿಗೆ. ಆ ರಕ್ತದ ಗುಳಿಗೆಯನ್ನು ನುಂಗಿದರೆ ಹೊಟ್ಟೆ ಕಟ್ಟುತ್ತಿತ್ತು, ಹೊರಕಡೆಗೆ ಹೋದರೆ ಕಪ್ಪಗಾಗುತ್ತಿತ್ತು. ಮಲ ಕಪ್ಪಾದರೆ ಕೂಸೂ ಕಪ್ಪಾಗುತ್ತದೆಂದು ಅತ್ತೆಯರು ಹೆದರುತ್ತಿದ್ದರು. ಗುಳಿಗೆಗಳು ಹಿತ್ತಲು ಸೇರುತ್ತಿದ್ದವು. ಇದಕ್ಕೆ ನರ್ಸಬಾಯಿಯ ಉತ್ತರ ಒಂದೇ.

"ಪಂಢರಪುರದ ವಿಠೋಬಾ ಕರ್ರಗ ಇಲ್ಲೇನು? ಅವನ ಕಾಲಿಗೆ ಬೀಳಾಕ ನಡಕೊಂತ ಹೋಗತೀರಿ, ಮನ್ಯಾಗ ಕರೇ ಕೂಸು ಹುಟ್ಟಿದ್ರ ಬ್ಯಾಡಾ?"

ಹೆಂಗಸರು ಸೆರಗಿನಲ್ಲಿ ನಗುತ್ತಿದ್ದರು. ಆಗ ಕೈಗೆ ಗುಳಿಗೆ ಇಟ್ಟು, ನುಂಗಿಸಿ, ಬಾಯಿ ತೆಗೆಸಿ ನಾಲಿಗೆಯ ಕೆಳಗೆ ನೋಡಿಯೇ ಮುಂದಿನ ಮನೆಗೆ ಹೋಗುತ್ತಿದ್ದರು. ಗುಳಿಗೆಯ ವಿಷಯದಲ್ಲಿ ಅವರು ಯಾರನ್ನೂ ನಂಬುತ್ತಿರಲಿಲ್ಲ. ಅದು ಸರಿಯಾಗಿಯೇ ಇತ್ತು ಎಂಬುದಕ್ಕೆ ಮುಂದೆ ನಾನೇ ಉದಾಹರಣೆಯಾದೆ.

ಆದರೆ ಬಿಸಿಲಿಗೆ ಎಳೆಯುವ ಹಟ ಅವರಿಗೆ ಮೊದಲಿನಿಂದ ಇದ್ದದ್ದಲ್ಲ. ಮೊದಲು ಎಲ್ಲ ನರ್ಸುಗಳಂತೆ ಪಡಸಾಲೆಯಲ್ಲಿ ಕೂತು, ಚಹಾ ಕುಡಿಯುತ್ತ ನೋಡುತ್ತಿದ್ದರು. ಆ ಹಟ ಹೇಗೆ ಹತ್ತಿತು ಎಂಬುದನ್ನು ಬಲ್ಲವಳು ನಾನು, ಏಕೆಂದರೆ ಆ ಹೊತ್ತಿನಲ್ಲಿ ಅವರ ಮೊಣಕೈಗೆ ತಾಗಿ ನಿಂತಿದ್ದೆ.

ಎಪ್ಪತ್ತರ ದಶಕದ ಆರಂಭದ ಒಂದು ಮಳೆಗಾಲ. ನನಗೆ ಹತ್ತು ವರ್ಷ. ಅಪ್ಪ ಕಟ್ಟಿಗೆ ಡೆಪೊದಲ್ಲಿ ಗುಮಾಸ್ತ. ನಮ್ಮ ಗಲ್ಲಿಯ ಮೂಲೆಮನೆಗೆ ಹಿಂದಿನ ವರ್ಷ ಸೊಸೆ ಬಂದಿದ್ದಳು. ಗಲ್ಲಿಯ ಹುಡುಗಿಯರಿಗೆಲ್ಲ ಅವಳು ವೈನಿ, ಅಂದರೆ ಅತ್ತಿಗೆ. ಇಪ್ಪತ್ತು ದಾಟಿರಲಿಕ್ಕಿಲ್ಲ. ನನ್ನ ಹೇನು ತೆಗೆದು, ಎಣ್ಣೆ ಹಚ್ಚಿ, ನೋವಾಗದಂತೆ ಜಡೆ ಹಾಕುತ್ತಿದ್ದ ಒಬ್ಬಳೇ ಹೆಂಗಸು ಅವಳು; ನನ್ನ ಅವ್ವ ಜಡೆ ಹಾಕಿದರೆ ಹುಬ್ಬು ಮೇಲೆ ಹೋಗುತ್ತಿತ್ತು. ಜಡೆಗೆ ಬದಲಾಗಿ ನಾನು ಅವಳಿಗೆ ಹಂಚಿನ ಚೂರು ತಂದುಕೊಡಬೇಕು. ಊರಿನ ಹಂಚಿನ ಕಾರ್ಖಾನೆಯ ಬೇಲಿಯಾಚೆ ಒಡೆದ ಹಂಚಿನ ರಾಶಿ ಇರುತ್ತಿತ್ತು. ಸರಿಯಾಗಿ ಬೇಯದ, ಹಲ್ಲಿಗೆ ಪುಡಿಯಾಗುವಂಥ ಚೂರುಗಳನ್ನು ಆರಿಸಿ ಲಂಗದ ಕಿಸೆಯಲ್ಲಿ ತುಂಬಿಕೊಂಡು ಬರುತ್ತಿದ್ದೆ. ಬಸಿರಾದ ಮೇಲೆ ಅವಳಿಗೆ ಮಣ್ಣಿನ ಮೇಲೆ ಜೀವ. ಬಾಗಿಲ ಹಿಂದೆ ನಿಂತು ಕಟುಂ ಕಟುಂ ಎಂದು ತಿನ್ನುವಾಗ ಅವಳ ಮುಖದಲ್ಲಿ ಹಬ್ಬ ಇರುತ್ತಿತ್ತು. ಒಂದು ದಿನ ನರ್ಸಬಾಯಿ ನನ್ನ ಕಿಸೆ ಮುಟ್ಟಿ ನೋಡಿದರು.

"ಇದ ಯಾರಿಗೆ?"

ನಾನು ಕಿಸೆಯನ್ನು ಕೈಯಿಂದ ಮುಚ್ಚಿಕೊಂಡೆ. ಅವರು ಮೂಲೆಮನೆಯ ಕಡೆ ನೋಡಿದರು. "ಮಣ್ಣ ತಿನ್ನಾಕಿ ಮೈಯಾಗ ರಕ್ತ ಇರಂಗಿಲ್ಲ ಪೋರಿ. ನೀ ಆಕಿಗೆ ಮಣ್ಣ ಹಾಕಾಕತ್ತಿ." ಆ ಮಾತಿನ ಎರಡನೆಯ ಅರ್ಥ ಅವರ ಮನಸ್ಸಿನಲ್ಲಿ ಖಂಡಿತ ಇರಲಿಲ್ಲ. ಆದರೂ ಮುಂದೆ ಎಷ್ಟೋ ವರ್ಷ ನಾನು ಆ ಅರ್ಥವನ್ನೇ ಕೇಳಿಸಿಕೊಳ್ಳುತ್ತಿದ್ದೆ.

ಆ ಮಳೆಗಾಲದಲ್ಲಿ ನಮ್ಮ ಗಲ್ಲಿಗೆ ಕಾಮಣಿ ಬಂತು. ಕಾಮಾಲೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಗಲ್ಲಿಯ ಬಾವಿಯ ಮೇಲ್ಭಾಗದಲ್ಲಿ ಒಂದು ಪಾಯಖಾನೆಯ ಗುಂಡಿ ಮಳೆಗೆ ತುಂಬಿ ಹರಿದಿತ್ತು. ಅದನ್ನೂ ಇದನ್ನೂ ಯಾರೂ ಕೂಡಿಸಿ ನೋಡಲಿಲ್ಲ. ಮೊದಲು ಕಿರಾಣಿ ಅಂಗಡಿಯವರಿಗೆ, ಆಮೇಲೆ ಅಪ್ಪನಿಗೆ, ಆಮೇಲೆ ಇನ್ನಿಬ್ಬರಿಗೆ. ಅಪ್ಪ ತಿಂಗಳು ಮಲಗಿ, ಮಜ್ಜಿಗೆ ಅನ್ನ ಉಂಡು, ಯಾರೋ ಕೊಟ್ಟ ಬೇರನ್ನು ರಟ್ಟೆಗೆ ಕಟ್ಟಿಕೊಂಡು ಎದ್ದು ಡೆಪೊಗೆ ಹೋದರು. ಹೀಗಾಗಿ ಕಾಮಣಿಗೆ ಯಾರೂ ಹೆದರಲಿಲ್ಲ. ಗಂಡಸರನ್ನು ತಿಂಗಳು ಮಲಗಿಸಿ ಬಿಡುವ ಆ ರೋಗ ದಿನ ತುಂಬುತ್ತಿರುವ ಬಸುರಿಯ ಹತ್ತಿರ ಬೇರೆಯಾಗಿ ನಡೆದುಕೊಳ್ಳುತ್ತದೆ ಎಂಬುದು ಗಲ್ಲಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ವೈನಿಗೆ ಏಳು ತಿಂಗಳು. ಊಟ ಸೇರುತ್ತಿರಲಿಲ್ಲ, ವಾಂತಿ, ಕೂತಲ್ಲೇ ತೂಕಡಿಕೆ. ಬಸುರಿ ಎಂದ ಮೇಲೆ ಇದೆಲ್ಲ ಇದ್ದದ್ದೇ ಎಂದರು. ಸೋಮವಾರ ಕುಬುಸ ಎಂದು ಗೊತ್ತಾಯಿತು. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ ಆರತಿ ಮಾಡುವ ಶಾಸ್ತ್ರ. ಮಧ್ಯಾಹ್ನ ಆಗಬೇಕಾದದ್ದು, ಅವಳ ತವರಿನವರ ಬಸ್ಸು ಮಳೆಯಲ್ಲಿ ತಡವಾಗಿ ಸಂಜೆಗೆ ಹೋಯಿತು. ನಡುಮನೆಯಲ್ಲಿ ಮಣೆ ಹಾಕಿದ್ದರು. ಕಿಟಕಿಯ ಹೊರಗೆ ಮೋಡ ಕಟ್ಟಿ ಕತ್ತಲಾಗಿತ್ತು. ಒಳಗೆ ಮಂದವಾದ ಒಂದು ಹಳದಿ ಬಲ್ಬು, ಎರಡು ಎಣ್ಣೆದೀಪ. ಅರಿಶಿಣ ಕಲಸಿದ ಬಟ್ಟಲನ್ನು ಹಿಡಿದುಕೊಳ್ಳುವ ಮಾನ ನನ್ನದು. ಐದು ಮಂದಿ ಮುತ್ತೈದೆಯರು ಅವಳ ಕೆನ್ನೆಗೆ, ಕೈಗೆ, ಕಾಲಿಗೆ ದಪ್ಪಗೆ ಹಚ್ಚಿದರು. "ಅರಿಷಿಣ ಎಷ್ಟ ಛಂದ ಕುಂತೈತಿ ನೋಡ್ರಿ ಮೈಮ್ಯಾಲ" ಎಂದು ಒಬ್ಬರು ಅಂದದ್ದು ನನಗೆ ಚೆನ್ನಾಗಿ ನೆನಪಿದೆ. ನಿಜಕ್ಕೂ ಅವಳು ಆ ದಿನ ಬಂಗಾರದ ಬಣ್ಣವಾಗಿದ್ದಳು.

ನರ್ಸಬಾಯಿಯನ್ನೂ ಕರೆದಿದ್ದರು. ಅಕ್ಷತೆ ಹಾಕಿ, ಸುಮ್ಮನಿರಲಾರದೆ ಬಗ್ಗಿ ವೈನಿಯ ಕೆಳರೆಪ್ಪೆ ಜಗ್ಗಿದರು. ರೆಪ್ಪೆಯ ಒಳಭಾಗ ಬೆಳ್ಳಗಿತ್ತು. ಅವರ ಕಣ್ಣು ಹುಡುಕುತ್ತಿದ್ದದ್ದು ಅದನ್ನೇ. ನಾನು ಹುಡುಕುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದೆ. ಅದಕ್ಕೇ ಇನ್ನೊಂದು ನನಗೆ ಕಂಡಿತು.

"ಬಾಯಿ, ವೈನಿ ಕಣ್ಣಾಗ ಅರಿಷಿಣ ಹೋಗೈತ್ರಿ" ಎಂದೆ.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನರ್ಸಬಾಯಿಯೂ ನಕ್ಕರು. "ಹೋದರ ಹೋಗಲಿ ಬಿಡ ಪೋರಿ, ಅರಿಷಿಣ ಏನ ಮಾಡತೈತಿ." ವೈನಿಯೂ ನಕ್ಕಳು, ಸೋತ ನಗು. ಆಮೇಲೆ ನರ್ಸಬಾಯಿ ಅವಳ ಅತ್ತೆಗೆ, "ರಕ್ತ ಭಾಳ ಕಡಿಮಿ ಐತಿ. ನಾಳೆ ದವಾಖಾನಿಗೆ ಕರಕೊಂಡ ಬರ್ರಿ" ಎಂದರು.

"ನಾಳೆ ಮಂಗಳವಾರ ಐತ್ರಿ ಬಾಯಿ. ಉಡಿ ತುಂಬಿದಾಕಿನ್ನ ಮಂಗಳವಾರ ಹೊಸ್ತಿಲಾ ದಾಟಸಂಗಿಲ್ಲ. ಬುಧವಾರ ಬರತೀವಿ."

ನರ್ಸಬಾಯಿ ಒಪ್ಪಿದರು. ರಕ್ತ ಕಡಿಮೆ ಇದ್ದವಳಿಗೆ ಒಂದು ದಿನದಲ್ಲಿ ಏನೂ ಆಗುವುದಿಲ್ಲ.

ಮಂಗಳವಾರ ಬೆಳಗ್ಗೆ ಅವಳಿಗೆ ಕಡಲೆಹಿಟ್ಟು ಹಚ್ಚಿ ಎರೆದರು. ಮುಖದ ಅರಿಶಿಣ ಹೋಗುತ್ತದೆ ಎಂದುಕೊಂಡರು, ಆದರೆ ಬಣ್ಣ ಹೋಗಲಿಲ್ಲ. ಹಬ್ಬದ ಅರಿಶಿಣ, ಒಂದೆರಡು ದಿನ ಇರುತ್ತದೆ ಎಂದರು. ಮಧ್ಯಾಹ್ನ ಜಡೆ ಹಾಕಿಸಿಕೊಳ್ಳಲು ಹೋದ ನನ್ನನ್ನು ಅವಳು ತನ್ನ ತಂಗಿಯ ಹೆಸರಿನಿಂದ ಕರೆದಳು. ನಾನಲ್ಲ ಎಂದು ಹೇಳಿದರೂ ಮತ್ತೆ ಅದೇ ಹೆಸರು. ಬಾಚಣಿಗೆಯನ್ನು ಎಲ್ಲಿ ಹಿಡಿಯಬೇಕೆಂಬುದೇ ಅವಳ ಕೈಗೆ ತಿಳಿಯುತ್ತಿರಲಿಲ್ಲ. ನನಗೆ ಭಯವಾಗಿ ಅರ್ಧ ಬಿಚ್ಚಿದ ಜಡೆಯಲ್ಲೇ ಮನೆಗೆ ಓಡಿ ಬಂದೆ. ಅವ್ವನಿಗೆ ಹೇಳಿದೆ. "ನಿದ್ದಿಗಣ್ಣಾಗ ಇರಬೇಕು, ಸುಮ್ಮನ ಕುಂದರು" ಎಂದಳು ಅವ್ವ.

ಬುಧವಾರ ಬೆಳಗ್ಗೆ ಅವಳನ್ನು ಎಬ್ಬಿಸಲಾಗಲಿಲ್ಲ. ನರ್ಸಬಾಯಿ ಬಂದರು. ಮಳೆ ನಿಂತು ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ಮಂಚವನ್ನೇ ಹೊರಗೆ ಎತ್ತಿ ತರಿಸಿ, ಬಗ್ಗಿ ಕಣ್ಣು ತೆರೆದು ನೋಡಿದರು. ಅವರ ಕಂಕುಳಿನ ಛತ್ರಿ ಜಾರಿ ಕೆಸರಿಗೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಅಪ್ಪ ಡೆಪೊದ ಟ್ರಕ್ಕು ತರಿಸಿದರು. ಬೆಳಗಾವಿಯ ದೊಡ್ಡ ದವಾಖಾನೆಗೆ ಒಯ್ದರು. ಹಸಿರು ಸೀರೆಯ ಸೆರಗು ಟ್ರಕ್ಕಿನ ಹಲಗೆಯಿಂದ ಹೊರಗೆ ಜೋತಿತ್ತು, ಯಾರೋ ಓಡಿ ಹೋಗಿ ಒಳಗೆ ಹಾಕಿದರು. ಗುರುವಾರ ಮಧ್ಯಾಹ್ನ ಸುದ್ದಿ ಬಂತು. ಕೂಸೂ ಉಳಿಯಲಿಲ್ಲ.

ವಾರದ ಮೇಲೆ ನರ್ಸಬಾಯಿ ನಮ್ಮ ಮನೆಗೆ ಬಂದರು. ಚಹಾ ಬೇಡ ಎಂದರು. ಹೊಸ್ತಿಲ ಬಳಿ ಕುಕ್ಕರುಗಾಲಲ್ಲಿ ಕೂತು ನನ್ನನ್ನು ಹತ್ತಿರ ಕರೆದರು.

"ಅವತ್ತ ನೀ ಏನಂದಿ? ಮತ್ತೊಮ್ಮೆ ಹೇಳು."

ನಾನು ಅವ್ವನ ಮುಖ ನೋಡಿದೆ. ಆಮೇಲೆ ಹೇಳಿದೆ. ವೈನಿ ಕಣ್ಣಾಗ ಅರಿಷಿಣ ಹೋಗೈತ್ರಿ.

"ನೀ ಹೇಳಿದ್ದಿ," ಎಂದರು. "ನಾ ನಕ್ಕೆ."

ಅವ್ವ, "ಅವತ್ತ ತಿಳಿದಿದ್ರೂ ಏನ ಮಾಡತಿದ್ರಿ ಬಾಯಿ, ಹಣೆಬರಾ" ಎಂದಳು.

"ಉಳೀತಿದ್ಲೋ ಇಲ್ಲೋ ನನಗೂ ಗೊತ್ತಿಲ್ಲ ಅಕ್ಕಾ. ದಿನಾ ತುಂಬೂ ಬಸುರಿಗೆ ಈ ಕಾಮಣಿ ಬಂದ್ರ ಭಾಳ ಮಂದಿ ಉಳಿಯಂಗಿಲ್ಲ. ಖರೇ, ಎರಡು ದಿನಾ ಮೊದಲ ದವಾಖಾನಿ ಮುಟ್ಟತಿದ್ಲು. ಕಣ್ಣಿಗೆ ಕೈ ಹಚ್ಚಿ ನೋಡಾಕಿ ನಾನು, ನಾನ ನೋಡಲಿಲ್ಲ." ಇಷ್ಟನ್ನು ಕನ್ನಡದಲ್ಲೇ ಹೇಳಿದರು. ಅವರು ಕನ್ನಡದಲ್ಲಿ ತಮ್ಮನ್ನೇ ಬೈದುಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಲ್ಲಿಂದ ಅವರ ಬಿಸಿಲಿನ ಹಟ ಶುರುವಾಯಿತು. ಮನೆಯೊಳಗೆ, ದೀಪದ ಬೆಳಕಿಗೆ ಯಾರ ಕಣ್ಣನ್ನೂ ನೋಡಲಿಲ್ಲ. ಮೋಡ ಇದ್ದರೆ ಮೋಡ ಸರಿಯುವವರೆಗೆ ಜಗಲಿಯ ಮೇಲೆ ಕೂತಿರುವರು. ಮುಖಕ್ಕೆ ಅರಿಶಿಣವಿದ್ದರೆ ತೊಳೆಸಿಯೇ ನೋಡುವರು. ಬಾವಿಗೆ ಬಿಳಿಪುಡಿ ಹಾಕಿಸಿದರು. ವಾಸನೆಯ ನೀರು ಬೇಡವೆಂದು ಹೆಂಗಸರು ಕೊಡ ಹೊತ್ತುಕೊಂಡು ಹಳ್ಳಕ್ಕೆ ಹೋದರು. ನರ್ಸಬಾಯಿ ಹಳ್ಳದ ದಾರಿಯಲ್ಲಿ ಛತ್ರಿ ಅಡ್ಡ ಹಿಡಿದು ನಿಂತರು. "ಕುದಿಸಿ ಕುಡೀರಿ" ಎಂದರೆ "ಕುದಿಸಿದ ನೀರು ಸಪ್ಪಗ ಆಗತೈತ್ರಿ ಬಾಯಿ" ಎಂದು ಉತ್ತರ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನಮ್ಮ ಗಲ್ಲಿಗೆ ಕೆಟ್ಟ ಮೇಲೂ ಬುದ್ಧಿ ಬರಲಿಲ್ಲ.

ಬಂದದ್ದು ಭಯ. ಅದೂ ರೋಗದ ಭಯವಲ್ಲ, ನರ್ಸಬಾಯಿಯ ಭಯ. ಶುಭಕಾರ್ಯದಲ್ಲಿ ಹಚ್ಚಿದ ಅರಿಶಿಣ ತೊಳೆಸುವ ವಿಧವೆ ಹೆಂಗಸು ಹೊಸ್ತಿಲಿಗೆ ಬಂದರೆ ಅಪಶಕುನ ಎಂದು ಮಾತು ಹಬ್ಬಿತು. ಕುಬುಸದ ದಿನವನ್ನು ಅವರಿಂದ ಮುಚ್ಚಿಡತೊಡಗಿದರು. ಅವರು ದೂರದಲ್ಲಿ ಬರುವುದು ಕಂಡರೆ ಬಸುರಿಯರನ್ನು ಒಳಗೆ ಕಳಿಸಿ ಬಾಗಿಲು ಮುಂದಕ್ಕೆ ಮಾಡುತ್ತಿದ್ದರು. ನರ್ಸಬಾಯಿ ಏನು ಕಡಿಮೆಯೇ. ಹಸಿರು ಬಳೆ ಇಲ್ಲದೆ ಯಾವ ಕುಬುಸವೂ ಆಗುವುದಿಲ್ಲ. ಊರಿನ ಬಳೆಗಾರ್ತಿಯ ಗೆಳೆತನ ಮಾಡಿಕೊಂಡರು. ಯಾರ ಮನೆಗೆ ಡಜನುಗಟ್ಟಲೆ ಹಸಿರು ಬಳೆ ಹೋಯಿತು ಎಂಬುದು ಅವರಿಗೆ ಅಂದೇ ಗೊತ್ತಾಗುತ್ತಿತ್ತು. ಕುಬುಸದ ಬೆಳಗ್ಗೆ, ಅರಿಶಿಣ ಕಲಸುವ ಮೊದಲೇ, ಆ ಮನೆಯ ಅಂಗಳದಲ್ಲಿ ಕರಿ ಛತ್ರಿ ಬಂದು ನಿಲ್ಲುತ್ತಿತ್ತು.

ನಾನು ಬೆಳೆದೆ, ಕಲಿತೆ, ಬೆಳಗಾವಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಣಿಯಾದೆ. ಎಂಬತ್ತರ ದಶಕದ ಆರಂಭದಲ್ಲಿ ಟಿಳಕವಾಡಿಯ ಮನೆಗೆ ಸೊಸೆಯಾಗಿ ಹೋದೆ. ಮರುವರ್ಷ ಬಸಿರು. ಮಕ್ಕಳಿಗೆ ಆರೋಗ್ಯದ ಪಾಠದಲ್ಲಿ ರಕ್ತಹೀನತೆ ಎಂದರೇನು ಎಂದು ಕರಿಹಲಗೆಯ ಮೇಲೆ ಬರೆದು ಹೇಳುತ್ತಿದ್ದ ನಾನು, ದವಾಖಾನೆಯವರು ಕೊಟ್ಟ ರಕ್ತದ ಗುಳಿಗೆಯನ್ನು ದಿನವೂ ಹಿತ್ತಲಿನ ಅಬ್ಬಲಿಗೆ ಗಿಡದ ಬುಡಕ್ಕೆ ಹಾಕುತ್ತಿದ್ದೆ. ನುಂಗಿದರೆ ಹೊಟ್ಟೆ ತೊಳಸುತ್ತಿತ್ತು, ಅಷ್ಟೇ ಕಾರಣ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ. ಪಂಚಮಿಗೆ ತವರಿಗೆಂದು ಖಾನಾಪುರಕ್ಕೆ ಹೋಗಿ ಎಂಟು ದಿನ ಸೊಳ್ಳೆ ಕಡಿಸಿಕೊಂಡು ಬಂದೆ. ಎರಡು ವಾರದ ಮೇಲೆ ಚಳಿ ಹತ್ತಿ ಜ್ವರ ಬಂತು. ಮರುದಿನ ಇಲ್ಲ. ಅದರ ಮರುದಿನ ಮತ್ತೆ. ಕುಬುಸ ನಿಶ್ಚಯವಾಗಿತ್ತು. ಜ್ವರ ಎಂದರೆ ದವಾಖಾನೆ, ದವಾಖಾನೆ ಎಂದರೆ ಗುಳಿಗೆಯ ವಿಷಯ ಹೊರಗೆ ಬೀಳುತ್ತದೆ. ಶಾಲೆಯಲ್ಲಿ ಕುರ್ಚಿಗೆ ಅಂಟಿಕೊಂಡು, ಮನೆಯಲ್ಲಿ ಕೌದಿ ಹೊದ್ದು, ಥಂಡಿ ಹವೆ ಎಂದು ಹೇಳಿ ದಿನ ತಳ್ಳಿದೆ. ರಾತ್ರಿ ಎಡ ಪಕ್ಕೆಲುಬಿನ ಕೆಳಗೆ ನೋವಾದರೆ ವೈನಿಯ ಮುಖ ಕಣ್ಣ ಮುಂದೆ ಬರುತ್ತಿತ್ತು. ಆದರೂ ಹೇಳಲಿಲ್ಲ. ಅಂಥ ಮೂರ್ಖತನ ಓದಿದವರಿಗೇ ಸಾಧ್ಯ.

ಕುಬುಸದ ದಿನ ಅವ್ವ ಬೆಳಗಿನ ರೈಲಿಗೆ ಸೀರೆ, ಬಳೆ, ಬುತ್ತಿ ಹೊತ್ತು ಬಂದಳು. ಅದೇ ರೈಲಿನ ಇನ್ನೊಂದು ಡಬ್ಬಿಯಲ್ಲಿ ನರ್ಸಬಾಯಿ ಕೂತಿದ್ದು ಅವಳಿಗೂ ಗೊತ್ತಿರಲಿಲ್ಲ. ಅವರನ್ನು ಯಾರೂ ಕರೆದಿರಲಿಲ್ಲ. ಬಳೆಗಾರ್ತಿ ಹೇಳಿದ್ದಳು.

ನಾನು ಮಣೆಯ ಮೇಲಿದ್ದೆ. ಮುಖಕ್ಕೆ ಕೈಗೆ ಅರಿಶಿಣ ಹಚ್ಚಿ ಆಗಿತ್ತು. ಆರತಿ ತಟ್ಟೆ ಸಿದ್ಧವಾಗಿತ್ತು. ಬಾಗಿಲಲ್ಲಿ ಛತ್ರಿ ಕಂಡಿತು. ಅವರು ಯಾರಿಗೂ ಶರಣು ಅನ್ನಲಿಲ್ಲ.

"ಬಿಸಲಿಗೆ ಬಾ."

ನಮ್ಮ ಅತ್ತೆ ಎದ್ದು ಅಡ್ಡ ನಿಂತರು. ಮಾತಿನಲ್ಲಿ ಮರ್ಯಾದೆ ಇತ್ತು, ಮುಖ ಗಂಟಿಕ್ಕಿತ್ತು. "ಕುಂದರ್ರಿ, ಊಟಾ ಮಾಡಿ ಹೋಗೀರಂತ. ಆಕಿನ್ನ ನಾವು ಡಾಕ್ಟರ ಕಡೆ ತೋರಸೇವ್ರಿ."

"ತೋರಿಸಿದ್ರ ಛಲೋ ಆತ್ರಿ. ನಾನೂ ಒಂದ ಸಲಾ ನೋಡತೀನಿ. ಈ ಅರಿಷಿಣಾ ತೊಳೀಬೇಕು."

"ಹಚ್ಚಿದ ಅರಿಷಿಣಾ ಆರತಿಗೆ ಮೊದಲ ತೊಳೀತಾರೇನ್ರಿ? ಮೊದಲನೇ ಬಸುರು ಆಕಿದು."

"ನನ್ನ ಬೈರಿ, ಬಡೀರಿ. ನಾ ತೊಳದ ಹೋಗಾಕಿ."

ನನ್ನನ್ನು ಎಬ್ಬಿಸಿ ಅಂಗಳದ ನಳದ ಬಳಿ ಒಯ್ದರು. ತಮ್ಮ ಚೀಲದಿಂದ ಸಾಬೂನು ತೆಗೆದು, ಮಕ್ಕಳ ಮುಖ ತೊಳೆಸಿದಂತೆ ನನ್ನ ಮುಖ ಉಜ್ಜಿದರು. ಹಳದಿ ನೀರು ಕಲ್ಲಿನ ಮೇಲೆ ಹರಿಯಿತು. ಬಂದ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು. ಯಾರೋ "ಶಿವಶಿವಾ" ಅಂದರು. ಅವ್ವ ಅಳುತ್ತಿದ್ದಳು, ಅವಮಾನಕ್ಕೋ ಭಯಕ್ಕೋ ತಿಳಿಯಲಿಲ್ಲ. ಹನ್ನೊಂದು ಗಂಟೆಯ ಬಿಸಿಲು ನೆತ್ತಿಯ ಮೇಲಿತ್ತು. ಆ ಹೆಬ್ಬೆರಳು ನನ್ನ ರೆಪ್ಪೆಯನ್ನು ಜಗ್ಗಿತು. ಅವರ ಮುಖ ನನ್ನ ಮುಖಕ್ಕೆ ಗೇಣಿನ ದೂರದಲ್ಲಿತ್ತು.

"ಹಳದಿ ಇಲ್ಲ," ಎಂದರು. ಒಂದು ಉಸಿರು ಬಿಟ್ಟರು. ಆಮೇಲೆ, "ಕೆಂಪೂ ಇಲ್ಲ."

ಹಣೆಗೆ ಕೈ ಇಟ್ಟರು. ಎಡ ಪಕ್ಕೆಲುಬಿನ ಕೆಳಗೆ ಬೆರಳು ಒತ್ತಿದಾಗ ನಾನು ನೋವಿಗೆ ಬಗ್ಗಿದೆ. "ದಿನಾ ಬಿಟ್ಟ ದಿನಾ ಥಂಡಿ ಹತ್ತತೈತೇನು?"

"ಇಲ್ರಿ" ಎಂದೆ.

ಹೇಳಿ ಮುಗಿಯುವುದರಲ್ಲಿ ಶುರುವಾಯಿತು. ಅಂದು ಜ್ವರದ ಸರದಿಯ ದಿನ. ಆ ಸುಡುವ ಬಿಸಿಲಿನಲ್ಲಿ ನನ್ನ ಬೆನ್ನಿನೊಳಗಿಂದ ಚಳಿ ಎದ್ದಿತು. ಹಲ್ಲು ಕಚ್ಚಿ ಹಿಡಿದೆ, ತೋಳುಗಳನ್ನು ಹೊಟ್ಟೆಗೆ ಒತ್ತಿ ಹಿಡಿದೆ. ಆದರೆ ಎರಡೂ ಕೈತುಂಬ ಹೊಸ ಹಸಿರು ಬಳೆಗಳಿದ್ದವು. ಅವು ತಾವೇ ಕಿಣಿಕಿಣಿ ಎನ್ನತೊಡಗಿದವು. ಎಲ್ಲರೂ ಆ ಬಳೆಗಳ ಸದ್ದನ್ನೇ ಕೇಳುತ್ತ ನಿಂತರು, ಅದು ಹೆಚ್ಚುತ್ತ ಹೋಯಿತು. ನಾನು ಸಾಯುತ್ತೇನೆ ಎಂದು ಆ ಕ್ಷಣ ನನಗೆ ಖಾತ್ರಿಯಾಯಿತು.

ಮೊದಲು ಮಾತಾಡಿದವರು ಅತ್ತೆ. "ಆರತಿ ಆಮ್ಯಾಲ ಮಾಡೂಣು. ಯಾರರೇ ರಿಕ್ಷಾ ಕರೀರಿ, ಲಗೂ." ತಮ್ಮ ಹೆಗಲಿನ ಶಾಲು ತೆಗೆದು ನನಗೆ ಸುತ್ತಿದರು.

ದವಾಖಾನೆಯಲ್ಲಿ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ತೆಗೆದುಕೊಂಡರು. ಮಲೇರಿಯಾ ಎಂದರು. ರಕ್ತ ಎಷ್ಟಿದೆ ಎಂದು ನೋಡಿದ ಡಾಕ್ಟರರು ಚೀಟಿಯನ್ನೂ ನನ್ನ ಮುಖವನ್ನೂ ಎರಡೆರಡು ಸಲ ನೋಡಿದರು. ಜ್ವರಕ್ಕೆ ಔಷಧ ಶುರುವಾಯಿತು, ನನ್ನ ಗಂಡನ ರಕ್ತ ಹೊಂದಿತು, ಅದನ್ನು ಕೊಟ್ಟರು. ಇದೇ ರಕ್ತದಲ್ಲಿ ಹೆರಿಗೆಗೆ ಬಂದಿದ್ದರೆ ಸ್ವಲ್ಪ ಸ್ರಾವವನ್ನೂ ನೀನು ತಡೆಯುತ್ತಿರಲಿಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ಕೂಸಿನ ಎದೆಬಡಿತ ಕೇಳುವವರೆಗೆ ಅತ್ತೆ ಬಾಗಿಲು ಬಿಟ್ಟು ಕದಲಲಿಲ್ಲ.

ಸಂಜೆ ನರ್ಸಬಾಯಿ ಮಂಚದ ಬಳಿ ಕೂತಾಗ ಗುಳಿಗೆಯ ಕಥೆ ನಾನೇ ಹೇಳಿಬಿಟ್ಟೆ. ಮರಾಠಿ ಬರುತ್ತದೆ ಎಂದು ಕಾದೆ. ಬರಲಿಲ್ಲ.

"ಎಲ್ಲಾರೂ ಒಗೀತಾರ," ಎಂದರು. "ನೀ ಒಗೀತಿ ಅಂತ ತಿಳಿದಿರಲಿಲ್ಲ. ಆ ಮೂಲಿಮನ್ಯಾಗ ನೀನೂ ಇದ್ದಿ." ಇದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು. ಹೋಗುವಾಗ ಅತ್ತೆಗೆ, "ಗುಳಿಗಿ ನುಂಗಿದ ಮ್ಯಾಲ ಬಾಯಿ ತಗಸ್ರಿ, ನಾಲಗಿ ಕೆಳಗ ನೋಡ್ರಿ. ಮತ್ತ ಆ ಅಬ್ಬಲಿಗಿ ಗಿಡದ ಕಡೆ ಹೋಗಾಕ ಬಿಡಬ್ಯಾಡ್ರಿ" ಎಂದರು. ಮುಂದಿನ ಎರಡು ತಿಂಗಳು ಅತ್ತೆ ಹಾಗೆಯೇ ಮಾಡಿದರು. ದಿನ ತುಂಬುವ ಸ್ವಲ್ಪ ಮುಂಚೆ ಮಗಳು ಹುಟ್ಟಿದಳು. ಸಣ್ಣ ಕೂಸು, ಎರಡು ಅಂಗೈ ತುಂಬುವಷ್ಟು. ಅಳುವುದರಲ್ಲಿ ಮಾತ್ರ ಏನೂ ಕಡಿಮೆ ಇರಲಿಲ್ಲ. ಅವಳ ಮೊದಲ ಆರತಿಯ ದಿನ ನರ್ಸಬಾಯಿಯನ್ನು ಅತ್ತೆಯೇ ರೈಲಿನ ಡಬ್ಬಿಯವರೆಗೆ ಹೋಗಿ ಕರೆತಂದರು, ಮುತ್ತೈದೆಯರ ಸಾಲಿನಲ್ಲೇ ಕೂಡಿಸಿ ಉಡಿ ತುಂಬಿದರು. ನಮ್ಮ ಬಂಧುಗಳಲ್ಲಿ ಕೆಲವರು ಊಟ ಬಿಟ್ಟು ಎದ್ದು ಹೋದರು. ಅತ್ತೆ ಅವರನ್ನು ತಡೆಯಲಿಲ್ಲ.

ನನ್ನ ಜೀವ, ನನ್ನ ಮಗಳ ಜೀವ, ಎರಡೂ ಅವರು ಕೊಟ್ಟದ್ದು. ಇದನ್ನು ಅವರ ಎದುರು ಹೇಳಿದರೆ "ನಕೋ ನಕೋ" ಎಂದು ಮರಾಠಿಯಲ್ಲಿ ಬೇಡವೆಂದು ಕೈಯಾಡಿಸುತ್ತಿದ್ದರು. ವೈನಿಯದನ್ನು ಕೊಡಲಾಗಲಿಲ್ಲ ಎಂಬುದೊಂದೇ ಅವರ ತಲೆಯಲ್ಲಿ ಉಳಿದಿತ್ತು.

ಎಂಬತ್ತರ ದಶಕದ ಕೊನೆಗೆ, ನಿವೃತ್ತಿಯಾಗಿ ಎರಡು ವರ್ಷಕ್ಕೆ, ಅವರನ್ನು ಬೆಳಗಾವಿಯ ದವಾಖಾನೆಗೆ ತಂದರು. ಪಿತ್ತಕೋಶದಲ್ಲಿ ಗಂಟು, ಕೈಮೀರಿದೆ ಎಂದು ಡಾಕ್ಟರರು ನನಗೆ ಹೇಳಿದರು, ಅವರಿಗೆ ಹೇಳಿರಲಿಲ್ಲ. ಅವರು ತೀರಿಕೊಂಡದ್ದು ನಾನು ಹೋಗಿ ಬಂದ ಒಂಬತ್ತನೆಯ ದಿನ. ನಾನು ಹೋದಾಗ ಅವರ ಮಂಚ ಒಳಗಿನ ಗೋಡೆಯ ಬದಿಗಿತ್ತು, ಹಗಲಲ್ಲೂ ಅಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು. ನೋಡಲು ಬಂದವರೆಲ್ಲ ಛಲೋ ಆಗೀರಿ, ಮುಖದಾಗ ಕಳೆ ಬಂದೈತಿ ಎಂದು ಹೇಳಿ ಹೋಗುತ್ತಿದ್ದರು.

"ಬಿಸಲಿಗೆ ಕರಕೊಂಡ ನಡಿ" ಎಂದರು.

ಆಸರೆ ಕೊಟ್ಟು ವರಾಂಡಕ್ಕೆ ತಂದು ಬಾಕಿನ ಮೇಲೆ ಕೂಡಿಸಿದೆ. ಮಧ್ಯಾಹ್ನದ ಬಿಸಿಲು ಮುಖದ ಮೇಲೆ ಬಿತ್ತು. ಅವರು ಮೇಲೆ ನೋಡಿದರು. ಏನು ಬೇಕೆಂದು ತಿಳಿಯಿತು. ನನ್ನ ಹೆಬ್ಬೆರಳಿನಿಂದ ಅವರ ಕೆಳರೆಪ್ಪೆಯನ್ನು ಜಗ್ಗಿದೆ.

"ಖರೇ ಹೇಳು. ಏನ ಬಣ್ಣ ಐತಿ?"

ಸುಳ್ಳು ಹೇಳಬಹುದಿತ್ತು. ಆ ಬೆರಳಿನ ಮುಂದೆ ಒಮ್ಮೆ ಸುಳ್ಳು ಹೇಳಿದ್ದೆ, ಸಾಕು.

"ಕಣ್ಣಾಗ ಅರಿಷಿಣ ಹೋಗೈತ್ರಿ ಬಾಯಿ."

"ಹಾಂ," ಎಂದರು. "ಈ ಸಲಾ ನಾ ನಗಂಗಿಲ್ಲ."

ಆಮೇಲೆ ನನ್ನ ಕೈಯನ್ನು ತಮ್ಮ ಮುಖದಿಂದ ಸರಿಸಿ, "ಹೋಗು, ಸಾಬೂನ ಹಚ್ಚಿ ಬೆರಳ ತೊಳಕೊಂಡ ಬಾ" ಎಂದರು. ನಾನು ಹೋಗಿ ತೊಳೆದುಕೊಂಡು ಬಂದೆ.